ಮುಂದಿನ ಪ್ರೊಸೆಸರ್ ಮತ್ತು ಹಳೆಯ ಸಮುದ್ರ

ಜನವರಿ 8

ಪ್ರೀತಿಯ ತಮ್ಮನಿಗೆ,

ನಿನ್ನ ಡಿಸೆಂಬರ್ ಪತ್ರ ತಲುಪಿತು. ಅದರಲ್ಲಿ ನಾಲ್ಕು ಸಾಲುಗಳಿದ್ದವು. "ನಾನು ಚೆನ್ನಾಗಿದ್ದೇನೆ. ಗಾಳಿ ಇದೆ. ಅಡುಗೆ ಸುಮಾರು. ನೀನು ಹೇಗಿದ್ದೀಯ." ನವೆಂಬರಿನ ಪತ್ರವನ್ನು ಪಕ್ಕಕ್ಕಿಟ್ಟು ನೋಡಿದೆ. ಅದರಲ್ಲಿ ಗಾಳಿ ಇರಲಿಲ್ಲ, ಉಳಿದದ್ದೆಲ್ಲ ಅದೇ. ಫೋನೂ ಇಂಟರ್ನೆಟ್ಟೂ ಇಲ್ಲದ ದ್ವೀಪದ ಹವಾಮಾನ ಕೇಂದ್ರದಲ್ಲಿ ಕೂತು ಮೂರು ಗಂಟೆಗೊಮ್ಮೆ ಗಾಳಿ ಅಳೆಯುವವನಿಗೆ ಬರೆಯಲು ಬೇರೇನು ಇರುತ್ತದೆ, ಪಾಪ. ಅದಕ್ಕೇ ಈ ಸಲ ನಾನೇ ನಿನಗೊಂದು ಕೆಲಸ ಕೊಡುತ್ತೇನೆ.

ನನ್ನ ಲ್ಯಾಪ್‌ಟಾಪಿಗೆ ಒಂಬತ್ತು ವರ್ಷ. ಅದರ ಫ್ಯಾನ್ ಈಗ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ. ಕಣ್ಣು ಕಾಣದವರ ಗ್ರಂಥಾಲಯಕ್ಕೆ ನಾನು ಓದಿ ಧ್ವನಿಮುದ್ರಿಸುವ ಪುಸ್ತಕಗಳಲ್ಲೆಲ್ಲ ನನ್ನ ದನಿಯ ಹಿಂದೆ ಆ ಗಿರಣಿ ಇದೆ. ಫೋನಿನಲ್ಲಿ ಓದಿ ಕಳಿಸುವ ಹಾಗಿಲ್ಲ. ಪುಟ, ಅಧ್ಯಾಯ ಗುರುತು ಹಾಕುವ ಗ್ರಂಥಾಲಯದ ತಂತ್ರಾಂಶ ಲ್ಯಾಪ್‌ಟಾಪಿನಲ್ಲಿ ಮಾತ್ರ ನಡೆಯುತ್ತದೆ. ಹಡಗಿನ ಅಡುಗೆಯವನೊಬ್ಬನ ಕಥೆಯಿರುವ ಹದಿನಾಲ್ಕು ಭಾಗದ ಕಾದಂಬರಿ ಓದುತ್ತಿದ್ದೇನೆ ಎಂದು ಬರೆದಿದ್ದೆನಲ್ಲ, ಹನ್ನೊಂದು ಮುಗಿದಿವೆ. ಗ್ರಂಥಾಲಯಕ್ಕೆ ಹೊಸ ಮೇಲ್ವಿಚಾರಕಿ ಬಂದಿದ್ದಾರೆ. ಹನ್ನೆರಡನೆಯ ಭಾಗದಿಂದ ಹಿನ್ನೆಲೆಯಲ್ಲಿ ಸದ್ದಿದ್ದರೆ ತೆಗೆದುಕೊಳ್ಳುವುದಿಲ್ಲ ಎಂದು ಚೀಟಿ ಕಳಿಸಿದ್ದಾರೆ.

ಈ ಕಾದಂಬರಿಗೆ ಒಬ್ಬರೇ ಕೇಳುಗರು. ನಿವೃತ್ತ ಗಣಿತ ಮೇಷ್ಟ್ರು, ಎಂಬತ್ತಾರು ವರ್ಷ, ಎರಡು ಬೀದಿ ಆಚೆ ಮನೆ. ಅವರು ಮಾತ್ರ ಸದ್ದಿನ ಬಗ್ಗೆ ಒಂದು ದಿನವೂ ದೂರಿಲ್ಲ. ಸಂಕೋಚ ಇರಬೇಕು.

ಹೊಸ ಲ್ಯಾಪ್‌ಟಾಪ್ ಈಗಲೇ ಕೊಳ್ಳಲೋ, ಮುಂದಿನ ಪ್ರೊಸೆಸರ್ ಬರುವವರೆಗೆ ಕಾಯಲೋ? ಅಂಗಡಿಯವನು ತನ್ನಲ್ಲಿರುವುದನ್ನು ಮಾರುವವನು, ಅವನನ್ನು ಕೇಳಿ ಪ್ರಯೋಜನವಿಲ್ಲ. ಮನೆಯಲ್ಲಿ ಕಂಪ್ಯೂಟರ್ ಕಲಿತವನು ನೀನೊಬ್ಬನೇ. ಆರು ತಿಂಗಳ ಕೋರ್ಸೇ ಆಗಲಿ, ಇಪ್ಪತ್ತು ವರ್ಷದ ಹಿಂದಿನದೇ ಆಗಲಿ.

ಹನ್ನೊಂದನೆಯ ಭಾಗದ ಮೆಮೊರಿ ಕಾರ್ಡ್ ಜೊತೆಗಿದೆ. ನಿನ್ನ ರೇಡಿಯೋಗೆ ಹಾಕಿ ಕೇಳು.

ನಿನ್ನ ಅಕ್ಕ

ಜನವರಿ 22

ಪ್ರೀತಿಯ ಅಕ್ಕನಿಗೆ,

ಕೊಳ್ಳಬೇಡ. ಈ ಪತ್ರ ಪೂರ್ತಿ ಓದುವವರೆಗೆ ಅಂಗಡಿಯ ಬೀದಿಗೇ ಹೋಗಬೇಡ.

ನೀನು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ನಾಲ್ಕು ಪುಟ ಬರೆಯುತ್ತಿದ್ದೇನೆ, ಸಾಲದೆ ಹೋದರೆ ಅಂಚಿನಲ್ಲೂ ಬರೆಯುತ್ತೇನೆ. ಇಲ್ಲಿ ನನ್ನ ಬಳಿ ಒಂದು ಕಂಪ್ಯೂಟರ್ ಪತ್ರಿಕೆ ಇದೆ. ಅದರ ಪ್ರಕಾರ ಬರುವ ಏಪ್ರಿಲ್‌ನಲ್ಲಿ ಹೊಸ ಪ್ರೊಸೆಸರ್ ಬಿಡುಗಡೆಯಾಗುತ್ತದೆ. ಹೆಸರನ್ನು ಬೇರೆ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಜೋಪಾನವಾಗಿಟ್ಟುಕೋ. ಇದು ಎಷ್ಟು ತಣ್ಣಗಿರುತ್ತದೆ ಎಂದರೆ ಫ್ಯಾನೇ ಬೇಕಾಗಿಲ್ಲ. ಫ್ಯಾನ್ ಇಲ್ಲದ ಮೇಲೆ ಸದ್ದೆಲ್ಲಿಂದ? ಇನ್ನು ಮೂರೇ ತಿಂಗಳು. ಇವತ್ತು ಕೊಂಡರೆ ಏಪ್ರಿಲ್‌ನಲ್ಲಿ ಹಣೆ ಚಚ್ಚಿಕೊಳ್ಳುತ್ತೀಯ. ತಾಳಿದವನು ಬಾಳಿಯಾನು.

ಅಲ್ಲಿಯವರೆಗೆ ಹೀಗೆ ಮಾಡು. ಸ್ಟೀಲ್ ತಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಡು, ತಟ್ಟೆಯ ಕೆಳಗೆ ತಣ್ಣೀರಿನ ಬಾಟಲಿ ಇಡು. ಸದ್ದು ನಿಲ್ಲದಿದ್ದರೆ ಲ್ಯಾಪ್‌ಟಾಪನ್ನು ಬಟ್ಟೆ ಕಪಾಟಿನೊಳಗಿಟ್ಟು, ಮೈಕಿನ ತಂತಿಯನ್ನು ಮಾತ್ರ ಹೊರಗೆ ತಂದು ಬಾಗಿಲು ಮುಚ್ಚು. ಕಪಾಟಿನ ನಕ್ಷೆ ಮೂರನೆಯ ಪುಟದ ಹಿಂದಿದೆ.

ಹನ್ನೊಂದನೆಯ ಭಾಗ ಕೇಳಿದೆ. ನಾನು ಒಂದೇ ಅಧ್ಯಾಯ ಕೇಳಿ ಮಲಗೋಣ ಎಂದುಕೊಂಡಿದ್ದೆ. ನಮ್ಮ ಕೇಂದ್ರದ ಅಡುಗೆಯಣ್ಣ ಪಾತ್ರೆ ತೊಳೆಯುವುದು ಬಿಟ್ಟು ಬಂದು ಕೂತ. "ಅಡುಗೆಯವನ ಕಥೆ, ನಾನು ಕೇಳ್ದೆ ಇನ್ಯಾರು ಕೇಳ್ಬೇಕು ಸಾರ್" ಎಂದ. ಈ ದ್ವೀಪದಲ್ಲಿ ನಾವು ಇಬ್ಬರೇ ಆದ್ದರಿಂದ ಬಹುಮತ ಅವನದಾಯಿತು.

ನಿನ್ನ ತಮ್ಮ

ಫೆಬ್ರವರಿ 5

ತಮ್ಮಾ,

ನಿನ್ನ ತಟ್ಟೆಯ ಪ್ರಯೋಗ ಮಾಡಿದೆ. ಬಾಟಲಿ ಬೆವರಿತು, ತಟ್ಟೆ ಜಾರಿತು, ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲೆ ಬಂದು ಕೂತಿತು. ಅದೃಷ್ಟಕ್ಕೆ ಅದೂ ಒಡೆಯಲಿಲ್ಲ, ತೊಡೆಯೂ ಮುರಿಯಲಿಲ್ಲ.

ಕಪಾಟಿನ ಪ್ರಯೋಗವನ್ನೂ ಮಾಡಿದೆ. ಬಾಗಿಲು ಮುಚ್ಚಿದ ಮೇಲೆ ನಿಜವಾಗಿಯೂ ಸದ್ದು ಕೇಳಿಸಲಿಲ್ಲ. ಸಂತೋಷದಿಂದ ಇಪ್ಪತ್ತು ನಿಮಿಷ ಓದಿದೆ. ಬಾಗಿಲು ತೆರೆದರೆ ಲ್ಯಾಪ್‌ಟಾಪ್ ಬಿಸಿಯಾಗಿ ತಾನೇ ಆರಿಹೋಗಿತ್ತು. ಯಾವಾಗ ಆರಿತೋ ಗೊತ್ತಿಲ್ಲ. ಧ್ವನಿಮುದ್ರಣವಾಗಿದ್ದದ್ದು ಅಧ್ಯಾಯದ ಹೆಸರು ಮತ್ತು ನನ್ನ ಕೆಮ್ಮು. ಕಿಟಕಿಯಾಚೆ ಪಕ್ಕದ ಮನೆಯ ದರ್ಜಿ ಬಟ್ಟೆ ಒಣಗಿಸುತ್ತಾ ನಿಂತಿದ್ದರು. "ಏನ್ ಮೇಡಂ, ಕಪಾಟಿಗೆ ಕಥೆ ಹೇಳ್ತಿದ್ದೀರಾ? ಕೇಳ್ತಾ ಇದೆಯಾ ಅದು?" ಎಂದರು. ಕಪಾಟು ಅರ್ಧದಲ್ಲೇ ಮಲಗಿತು ಎಂದೆ.

ಈಗ ನಗದೆ ಓದು. ಮೇಷ್ಟ್ರನ್ನು ಕಿವಿ ಡಾಕ್ಟರಿಗೆ ತೋರಿಸಿದ್ದರಂತೆ. ಎಡಗಿವಿ ಹೆಚ್ಚು ಕಡಿಮೆ ಹೋಗಿದೆ. ಬಲಗಿವಿಯೂ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆ. ಎಷ್ಟು ದಿನ ಎಂದು ಡಾಕ್ಟರ್ ಹೇಳಲಿಲ್ಲ, ಆದರೆ "ಕೇಳೋದು ಏನಾದ್ರೂ ಇದ್ರೆ ಈ ವರ್ಷವೇ ಕೇಳಿಬಿಡಿ" ಎಂದರಂತೆ. ಕಥೆಯಲ್ಲಿ ಅಡುಗೆಯವನು ಹಡಗಿನಿಂದ ಇಳಿದು ಮನೆ ಸೇರುತ್ತಾನೋ ಇಲ್ಲವೋ ಎಂಬುದು ಮೇಷ್ಟ್ರಿಗೆ ಗೊತ್ತಾಗಲೇಬೇಕು. ಇನ್ನೂ ಮೂರು ಭಾಗಗಳಿವೆ. ನಾನು ನಿನ್ನ ಏಪ್ರಿಲ್ ಲೆಕ್ಕ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಕಣ್ಣು ಹೋಯ್ತು ಓದಮ್ಮ. ಕಿವಿ ಹೊರಟಿದೆ. ನಿನ್ನ ತಮ್ಮನ ಪ್ರೊಸೆಸರ್ ಬರೋ ಹೊತ್ತಿಗೆ ನೀನು ನನ್ನ ಮೂಗಿಗೆ ಓದಬೇಕಾಗುತ್ತೆ."

ಓದಮ್ಮ ಎಂದರೆ ನಾನು. ತಾಳಿದವನು ಬಾಳಿಯಾನು ಎಂದು ನೀನು ಬರೆದೆ. ನಾಳೆ ಎಂದವನ ಮನೆ ಹಾಳು ಎಂದೂ ಒಂದು ಗಾದೆ ಇದೆ. ಒಂದೇ ಪದದಲ್ಲಿ ಉತ್ತರ ಬರೆ. ಕೊಳ್ಳಲೋ, ಕಾಯಲೋ?

ಅಕ್ಕ

ಫೆಬ್ರವರಿ 19

ಅಕ್ಕ,

ಒಂದೇ ಪದದಲ್ಲಿ ಹೇಳುವುದು ನನ್ನ ವೃತ್ತಿಗೆ ಒಗ್ಗದ ಮಾತು. ಹವಾಮಾನದವರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುತ್ತಾರೆ ಎಂದು ನೀನು ಮೊದಲಿನಿಂದಲೂ ಬೈಯುತ್ತೀಯ. ಆದರೆ ದೀಪ ಅಡ್ಡಗೋಡೆಯ ಮೇಲಿದ್ದರೆ ಎರಡೂ ಕಡೆ ಬೆಳಕಲ್ಲವೇ?

ಲೆಕ್ಕ ಹೀಗಿದೆ. ಏಪ್ರಿಲ್ ಮೊದಲ ವಾರದಲ್ಲಿ ಪ್ರೊಸೆಸರ್ ಬರುವ ಸಾಧ್ಯತೆ ನೂರಕ್ಕೆ ಎಪ್ಪತ್ತು. ತಿಂಗಳ ಕೊನೆಯೊಳಗೆ ತೊಂಬತ್ತು. ಮೇಷ್ಟ್ರ ಬಲಗಿವಿ ಅಷ್ಟರವರೆಗೆ ಇರುವ ಸಾಧ್ಯತೆ, ನೀನು ಬರೆದ ವಿವರದ ಪ್ರಕಾರ, ತೊಂಬತ್ತೈದು. ಎರಡನ್ನೂ ಗುಣಿಸಿದರೆ ಎಂಬತ್ತೈದೂವರೆ ಬರುತ್ತದೆ. ಎಂಬತ್ತಕ್ಕಿಂತ ಮೇಲಿದ್ದರೆ ನಾವಿಲ್ಲಿ ದೋಣಿಗಳಿಗೆ ಹೊರಡಿ ಎನ್ನುತ್ತೇವೆ. ಅವರು ಗಣಿತದ ಮೇಷ್ಟ್ರು, ತೋರಿಸು, ಒಪ್ಪುತ್ತಾರೆ.

ಆದ್ದರಿಂದ ಕಾಯಿ. ನೋಡು, ಒಂದೇ ಪದ.

ಮೇಷ್ಟ್ರ ಮೂಗಿನ ಮಾತನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದೆ. ಅಡುಗೆಯಣ್ಣ ನಗುತ್ತಾ ಸೌಟು ಬೀಳಿಸಿದ.

ತಮ್ಮ

(ಇದೇ ಲಕೋಟೆಯ ಒಳಮೈಯಲ್ಲಿ, ಬೇರೆ ಕೈಬರಹದಲ್ಲಿ)

ಅಕ್ಕಾವ್ರೇ, ನಾನು ಇಲ್ಲಿಯ ಅಡುಗೆಯವನು. ಲಕೋಟೆ ಅಂಟಿಸಿ ದೋಣಿಗೆ ಕೊಡೋ ಕೆಲಸ ನಂದು. ಓದಿದ್ದಕ್ಕೆ ಕ್ಷಮಿಸಿ, ಗಂಜಿ ಅಂಟು ತಣ್ಣಗಾಗೋ ತನಕ ಕಣ್ಣು ಸುಮ್ನಿರಲಿಲ್ಲ. ಸಾಹೇಬ್ರು ಹೇಳೋ ಪತ್ರಿಕೆ ಮೊಟ್ಟೆ ಟ್ರೇಗೆ ಸುತ್ಕೊಂಡು ಬಂದಿದ್ದು. ಮೊದಲ್ನೇ ಹಾಳೆ ಇಲ್ಲ. ಕೊನೇ ಹಾಳೆ ಮೂಲೇಲಿ ಹೋದ ವರ್ಷದ ತಾರೀಖಿದೆ, ಕನ್ನಡಕ ಹಾಕ್ಕೊಂಡು ನೋಡಿದೆ. ಅವರು ಹೇಳೋ ಏಪ್ರಿಲ್ ಬಂದು ಹೋಗಿಯಾಯ್ತು. ಎದುರಿಗೆ ಹೇಳಿದ್ರೆ ಮುಖ ಸಣ್ಣ ಮಾಡ್ಕೋತಾರೆ. ಇಲ್ಲಿ ಆಫೀಸಿಗೆ ಹೊಸ ಕಂಪ್ಯೂಟರ್ ಮಂಜೂರಾಗಿ ಆರು ವರ್ಷ. ಪ್ರತಿ ವರ್ಷ "ಮುಂದಿನದು ಬರಲಿ" ಅಂತ ಬರೆದು ವಾಪಸ್ ಕಳಿಸ್ತಾರೆ. ರಜೆ ಅರ್ಜಿನೂ ಹಂಗೇ. ಸಮುದ್ರ ಸ್ವಲ್ಪ ಇಳೀಲಿ ಅಂತ ನಾಲ್ಕು ವರ್ಷದಿಂದ ಡ್ರಾಯರಲ್ಲಿದೆ. ಆದ್ರೆ ನಿಮ್ಮ ಪ್ರಶ್ನೆ ಬಂದಾಗಿಂದ ಊಟಕ್ಕೆ ಕೂತ್ರೆ ಮಾತಾಡ್ತಾರೆ. ಅದಕ್ಕೆ ಮುಂಚೆ ಎರಡು ವರ್ಷ "ಉಪ್ಪು ಕೊಡಪ್ಪ" ಅನ್ನೋದು ಬಿಟ್ರೆ ಮಾತೇ ಇರ್ಲಿಲ್ಲ. ಹಂಗಾಗಿ ಪೂರ್ತಿ ಬೈಬೇಡಿ.

ಮಾರ್ಚ್ 5

ಪ್ರೀತಿಯ ತಮ್ಮ,

ನೀನು ಹೇಳಿದ ಹಾಗೆಯೇ ಆಗಲಿ. ನಿನ್ನ ಚೀಟಿಯಲ್ಲಿರುವ ಪ್ರೊಸೆಸರ್ ಬಿಟ್ಟು ಬೇರೆ ಯಾವುದನ್ನೂ ಕೊಳ್ಳುವುದಿಲ್ಲ, ಇದು ಸತ್ಯ. ಹಳೆಯ ಲ್ಯಾಪ್‌ಟಾಪಿನ ಫ್ಯಾನ್ ಹಾಗೇ ಕೂಗುತ್ತಿದೆ, ಅದೂ ಸತ್ಯ. ಹನ್ನೆರಡನೆಯ ಭಾಗವನ್ನು ಹೇಗೋ ಮುಗಿಸಿದೆ. ಕಾರ್ಡ್ ಕಳಿಸಿದ್ದೇನೆ.

ಏಪ್ರಿಲ್ ಬರುವ ಮೊದಲು ಕೆಲವು ಅನುಮಾನಗಳಿವೆ. ಪರದೆ ಎಷ್ಟು ಅಂಗುಲ ಇರಬೇಕು? ಹೊಳೆಯುವ ಪರದೆ ಒಳ್ಳೆಯದೋ, ಮಂಕಾದದ್ದೋ? ಬ್ಯಾಟರಿಯನ್ನು ಪೂರ್ತಿ ತುಂಬಬೇಕೋ, ಸ್ವಲ್ಪ ಬಿಡಬೇಕೋ? ಕೀಲಿಮಣೆಯ ಮೇಲೆ ಬಟ್ಟೆ ಹಾಸಬಹುದೋ? ಬಣ್ಣ ಯಾವುದು? ಚೀಲ ಬೇಕೋ? ಹೊಸದನ್ನು ಮೊದಲ ದಿನ ಎಷ್ಟು ಹೊತ್ತು ಉರಿಸಬಹುದು? ಒಂದೊಂದಕ್ಕೂ ವಿವರವಾಗಿ ಬರೆ. ಅವಸರವೇನಿಲ್ಲ.

ಅಡುಗೆಯಣ್ಣನಿಗೆ ನನ್ನ ನಮಸ್ಕಾರ ಹೇಳು. ಅವರ ಗಂಜಿ ಬಹಳ ಚೆನ್ನಾಗಿದೆ.

ರಜೆ ಯಾವಾಗ?

ಅಕ್ಕ

ಮಾರ್ಚ್ 19

ಪ್ರೀತಿಯ ಅಕ್ಕ,

ನೀನು ನನ್ನ ಮಾತು ಕೇಳಿ ಕಾಯುತ್ತಿದ್ದೀಯ ಎಂಬುದೇ ಒಂದು ಹೊಸ ಹವಾಮಾನ. ಚಿಕ್ಕಂದಿನಲ್ಲಿ ಕೊಡೆ ತೆಗೆದುಕೊಂಡು ಹೋಗು ಎಂದರೆ ಕೊಡೆಯನ್ನು ಬಾಗಿಲ ಹಿಂದೆ ಬಚ್ಚಿಟ್ಟು ಹೋಗುತ್ತಿದ್ದವಳು ನೀನು.

ಏಳು ಪ್ರಶ್ನೆಗೂ ಉತ್ತರ ಬೇರೆ ಹಾಳೆಗಳಲ್ಲಿದೆ, ಒಟ್ಟು ಆರು ಪುಟ. ಬಣ್ಣದ ಬಗ್ಗೆ ನನಗೆ ಅಭಿಪ್ರಾಯವಿಲ್ಲ. ಆದರೂ ಅರ್ಧ ಪುಟ ಬರೆದಿದ್ದೇನೆ.

ಅಡುಗೆಯಣ್ಣನ ಗಂಜಿಯ ವಿಷಯ ನಿನಗೆ ಹೇಗೆ ಗೊತ್ತು? ಇಲ್ಲಿ ನಾನೇ ಅದನ್ನು ಹೊಗಳಿಲ್ಲ. ನಮಸ್ಕಾರ ಹೇಳಿದರೆ ಅವನು ಒಲೆಯ ಕಡೆ ತಿರುಗಿ ನಿಂತುಬಿಟ್ಟ.

ಹನ್ನೆರಡನೆಯ ಭಾಗ ಕೇಳಿದೆ. ದಾಖಲೆ ಪುಸ್ತಕದ ರೀತಿಯಲ್ಲಿ ಬರೆಯುವುದಾದರೆ: ಓದು ಸ್ಪಷ್ಟ, ಹಿನ್ನೆಲೆ ಶಾಂತ, ಗಾಳಿ ಶೂನ್ಯ. ಕಪಾಟು ಈ ಸಲ ಚೆನ್ನಾಗಿ ಕೆಲಸ ಮಾಡಿದೆ ಎಂದುಕೊಳ್ಳುತ್ತೇನೆ.

ಇನ್ನೊಂದು ವಿಷಯ. ಏಪ್ರಿಲ್‌ನಲ್ಲಿ ಬರುವುದು ಮೊದಲ ಕಂತು. ಮೊದಲ ಕಂತಿನಲ್ಲಿ ಸಣ್ಣಪುಟ್ಟ ದೋಷ ಇದ್ದೇ ಇರುತ್ತದೆ. ಜೂನ್‌ವರೆಗೆ ಕಾಯುವುದು ಕ್ಷೇಮ. ಅಲ್ಲಿಯವರೆಗೆ ಅನುಮಾನ ಬಂದ ಹಾಗೆಲ್ಲ ಬರೆಯುತ್ತಿರು.

ರಜೆಯ ಬಗ್ಗೆ: ಸಮುದ್ರ ಇನ್ನೂ ಇಳಿದಿಲ್ಲ.

ತಮ್ಮ

ಏಪ್ರಿಲ್ 2

ತಮ್ಮಾ,

ಕೂತುಕೊಂಡು ಓದು. ಒಂದು ವಿಷಯ ಮುಚ್ಚಿಟ್ಟಿದ್ದೆ. ಈಗ ಮುಚ್ಚಿಡುವ ಹಾಗಿಲ್ಲ, ನಿನ್ನ ಸಹಾಯ ಬೇಕಾಗಿದೆ.

ಹೊಸ ಲ್ಯಾಪ್‌ಟಾಪ್ ಫೆಬ್ರವರಿ ಇಪ್ಪತ್ತಮೂರಕ್ಕೇ ಕೊಂಡೆ. ನಿನ್ನ ಪತ್ರಿಕೆ ಹೋದ ವರ್ಷದ್ದು. ಹೇಗೆ ಗೊತ್ತಾಯಿತು ಎಂದು ಕೇಳಬೇಡ, ಕೇಳಿದರೂ ಬೈಯಬೇಡ. ನಿನ್ನ ಚೀಟಿಯನ್ನು ಅಂಗಡಿಯವನಿಗೆ ತೋರಿಸಿದೆ. "ಇದಾ ಮೇಡಂ? ಇದು ಬಂದು ಹತ್ತು ತಿಂಗಳಾಯ್ತಲ್ಲ. ಇದರ ಮುಂದಿನದು ಬರ್ತಾ ಇದೆ, ಬೇಕಾದ್ರೆ ಕಾಯಿರಿ" ಎಂದ. ಅಲ್ಲೇ ಸ್ಟೂಲಿನ ಮೇಲೆ ಕೂತೆ. ಜಗತ್ತಿನಲ್ಲಿ ನೀನೊಬ್ಬನೇ ಅಲ್ಲ ಎಂದು ಗೊತ್ತಾಯಿತು. ಎದ್ದು ಕೊಂಡುಕೊಂಡು ಬಂದೆ. ನೀನು ಹೇಳಿದ್ದನ್ನೇ ಕೊಂಡಿದ್ದೇನೆ, ನೀನು ಹೇಳಿದ ದಿನಕ್ಕಿಂತ ಮೊದಲು ಅಷ್ಟೇ. ಹಳೆಯದನ್ನು ಪಕ್ಕದ ಮನೆಯ ದರ್ಜಿಗೆ ಕೊಟ್ಟೆ. ಅದರ ಫ್ಯಾನ್ ಕೂಗುತ್ತಿದೆ ಎಂದು ಬರೆದದ್ದು ಸುಳ್ಳಲ್ಲ. ಅವರ ಮನೆಯಲ್ಲಿ ಕೂಗುತ್ತಿತ್ತು.

ಯಾಕೆ ಹೇಳಲಿಲ್ಲ ಎಂದರೆ, ನಿನ್ನ ನಾಲ್ಕು ಸಾಲು ನಾಲ್ಕು ಪುಟವಾಗಿತ್ತು. ಆಮೇಲೆ ಆರು ಪುಟವಾಯಿತು. ಕೊಂಡೆ ಎಂದು ಬರೆದರೆ ಮತ್ತೆ "ಗಾಳಿ ಇದೆ" ಎಂಬಲ್ಲಿಗೆ ಬರುತ್ತೇವೆ ಎನಿಸಿತು.

ಈಗ ಅಸಲು ತೊಂದರೆ. ಹೊಸದಕ್ಕೆ ಫ್ಯಾನಿಲ್ಲ, ಎಳ್ಳಷ್ಟೂ ಸದ್ದಿಲ್ಲ. ಮೇಲ್ವಿಚಾರಕಿ ಮೆಚ್ಚಿ ಚೀಟಿ ಕಳಿಸಿದರು. ಮೇಷ್ಟ್ರು ಮಾತ್ರ ಹನ್ನೆರಡನೆಯ ಭಾಗದ ಕಾರ್ಡನ್ನು ವಾಪಸ್ ಕಳಿಸಿದರು. ಹೋಗಿ ಕೇಳಿದೆ.

"ಈ ಭಾಗ ಯಾಕೆ ಓದಮ್ಮ ಇಷ್ಟು ಒಣಗಿದೆ?"

"ಏನು ಒಣಗಿದೆ ಸರ್?"

"ಸಮುದ್ರ. ಹನ್ನೊಂದು ಭಾಗ ಇತ್ತು, ಹನ್ನೆರಡನೇದ್ರಲ್ಲಿ ಇಲ್ಲ. ಹಡಗು ಎಲ್ಲಿ ನಿಂತಿದೆ, ನಿಮ್ಮ ಹಿತ್ತಲಲ್ಲಾ?"

ಅದು ಸಮುದ್ರವಲ್ಲ, ಲ್ಯಾಪ್‌ಟಾಪಿನ ಫ್ಯಾನ್ ಎಂದು ವಿವರಿಸಿದೆ. ಅವರು ಒಪ್ಪಲಿಲ್ಲ. "ಬಿರುಗಾಳಿ ಬಂದಾಗ ಜೋರಾಗ್ತಿತ್ತಲ್ಲ, ಫ್ಯಾನಿಗೆ ಕಥೆ ಗೊತ್ತಾಗುತ್ತಾ?" ಎಂದರು. ಮನೆಗೆ ಬಂದು ಯೋಚಿಸಿದೆ. ಅವರು ಹೇಳಿದ್ದು ನಿಜ. ಓದುತ್ತಾ ಹೋದ ಹಾಗೆ ಲ್ಯಾಪ್‌ಟಾಪ್ ಬಿಸಿಯಾಗಿ, ಅಧ್ಯಾಯದ ಕೊನೆಗೆ ಫ್ಯಾನ್ ಅಬ್ಬರಿಸುತ್ತಿತ್ತು. ಆ ಕಾದಂಬರಿಕಾರನಿಗೂ ಬಿರುಗಾಳಿಯನ್ನು ಅಧ್ಯಾಯದ ಕೊನೆಗೇ ಇಡುವ ಚಟ. ಹನ್ನೊಂದು ಭಾಗ ಎರಡೂ ತಾಳ ತಪ್ಪಿಲ್ಲ.

ಈಗ ಸಮುದ್ರ ಬರುವವರೆಗೆ ಮುಂದೆ ಕೇಳುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಬಲಗಿವಿ ಅವರ ಹಟಕ್ಕಾಗಿ ನಿಲ್ಲುವುದಿಲ್ಲ. ನೀನು ಸಮುದ್ರದ ನಡುವೆ ಇದ್ದೀಯ. ಒಂದಿಷ್ಟು ಮುದ್ರಿಸಿ ಕಳಿಸು.

ಅಕ್ಕ

ಏಪ್ರಿಲ್ 16

ಅಕ್ಕ,

ಗೊತ್ತಿತ್ತು.

ಹದಿನಾರು ವರ್ಷದಿಂದ ಗಾಳಿಯ ಸದ್ದು ಕೇಳಿ ಅದರ ವೇಗ ಹೇಳುವವನು ನಾನು. ಹನ್ನೆರಡನೆಯ ಭಾಗದ ಮೊದಲ ವಾಕ್ಯಕ್ಕೇ ನಿನ್ನ ಮನೆಯಲ್ಲಿ ಗಾಳಿ ನಿಂತದ್ದು ಗೊತ್ತಾಯಿತು. ಕಪಾಟಿನಲ್ಲಿಟ್ಟಿದ್ದರೆ ದನಿ ಮಂಕಾಗದಿದ್ದರೂ ಮರದ ಗುಂಯ್ ಇರುತ್ತಿತ್ತು. ಅದಿರಲಿಲ್ಲ. ಕೊಂಡಿದ್ದಾಳೆ ಎಂದು ಅಡುಗೆಯಣ್ಣನಿಗೆ ಹೇಳಿದೆ. ಅವನು ಅಳುಮುಖ ಮಾಡಿಕೊಂಡು ಲಕೋಟೆಯ ಕಥೆಯನ್ನೆಲ್ಲ ಒಪ್ಪಿಕೊಂಡ. ಬೈಯಲಿಲ್ಲ. ಮೊಟ್ಟೆ ಟ್ರೇಯ ಪತ್ರಿಕೆಯನ್ನು ಒಲೆ ಹಚ್ಚಲು ಕೊಟ್ಟೆ.

ನೀನು ಕೊಂಡದ್ದು ಗೊತ್ತಿದ್ದೂ ಜೂನ್‌ವರೆಗೆ ಕಾಯಿ ಎಂದು ಯಾಕೆ ಬರೆದೆ ಎಂದರೆ, ನಿನ್ನ ಪತ್ರದ ಕಾರಣವೇ ನನ್ನದೂ. ಗೊತ್ತಾಯಿತು ಎಂದು ಬರೆದರೆ ನೀನು ಪ್ರಶ್ನೆ ನಿಲ್ಲಿಸುತ್ತಿದ್ದೆ.

ಸಮುದ್ರ ಕಳಿಸಿದ್ದೇನೆ. ನಲವತ್ತು ನಿಮಿಷ. ಏಪ್ರಿಲ್ ಹತ್ತು, ಬೆಳಗಿನ ಆರು ಗಂಟೆ, ನೈರುತ್ಯದ ಗಾಳಿ, ಅಲೆಯ ಎತ್ತರ ಎರಡು ಮೀಟರ್. ಏಪ್ರಿಲ್ ಹದಿಮೂರರ ಬಿರುಗಾಳಿ ಬೇರೆ ಇದೆ, ಹದಿನೆಂಟು ನಿಮಿಷ. ಅದನ್ನು ಮುದ್ರಿಸುವಾಗ ಕಂಬವನ್ನು ತಬ್ಬಿಕೊಂಡು ನಿಂತಿದ್ದೆ. ಇಪ್ಪತ್ತೊಂದನೆಯ ಸೆಕೆಂಡಿನಲ್ಲಿ ಕೇಳುವ "ಅಯ್ಯೋ ಸಾರ್" ಅಡುಗೆಯಣ್ಣನದು, ಕತ್ತರಿಸು. ಇದಕ್ಕಿಂತ ಅಸಲಿ ಸಮುದ್ರ ಮೇಷ್ಟ್ರಿಗೆ ಎಲ್ಲಿಯೂ ಸಿಗುವುದಿಲ್ಲ.

ತಮ್ಮ

ಏಪ್ರಿಲ್ 30

ತಮ್ಮಾ,

ನೊಂದುಕೊಳ್ಳಬೇಡ. ನಿನ್ನ ಸಮುದ್ರವನ್ನು ನನ್ನ ಓದಿನ ಕೆಳಗೆ ಸೇರಿಸಿ ಮೇಷ್ಟ್ರಿಗೆ ಕೇಳಿಸಿದೆ. ಐದು ನಿಮಿಷ ಕೇಳಿದರು. ಆಮೇಲೆ, "ಪಕ್ಕದಲ್ಲಿ ಯಾರೋ ಏನೋ ಕರೀತಾ ಇದ್ದಾರೆ, ಹೇಳಮ್ಮ ಅವರಿಗೆ, ಎಣ್ಣೆ ಜಾಸ್ತಿ ಕಾದಿದೆ" ಎಂದರು.

ಅದು ನಿಜವಾದ ಸಮುದ್ರ, ನನ್ನ ತಮ್ಮ ಕಂಬ ತಬ್ಬಿಕೊಂಡು ಮುದ್ರಿಸಿದ್ದು ಎಂದೆ. "ಇರಬಹುದು. ಅದು ನಿನ್ನ ತಮ್ಮನ ಸಮುದ್ರ. ನಮ್ಮ ಹಡಗು ಹೋಗೋದು ಬೇರೆ ಸಮುದ್ರದಲ್ಲಿ" ಎಂದರು.

ಕೊನೆಗೆ ದರ್ಜಿಯ ಮನೆಗೆ ಹೋದೆ. ಅವರು ಹಳೆಯ ಲ್ಯಾಪ್‌ಟಾಪಿನ ಮೇಲೆ ಒದ್ದೆ ಕಾಲುಚೀಲ ಒಣಗಿಸುತ್ತಿದ್ದರು. "ಸಿನಿಮಾ ಹಾಕಿದ್ರೆ ಮಾತೇ ಕೇಳ್ಸಲ್ಲ ಮೇಡಂ, ಇದಕ್ಕಾದ್ರೂ ಬರ್ತದಲ್ಲ" ಎಂದರು. ದಿನಕ್ಕೆ ಎರಡು ಗಂಟೆ ಎರವಲು ಕೊಡಲು ಒಪ್ಪಿದ್ದಾರೆ, ಕಾಲುಚೀಲ ನನ್ನ ಮನೆಯಲ್ಲೇ ಒಣಗಬೇಕು ಎಂಬ ಷರತ್ತಿನ ಮೇಲೆ.

ಈಗ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್. ಹೊಸದು ನನ್ನ ಓದನ್ನು ಮುದ್ರಿಸುತ್ತದೆ, ಹಳೆಯದೇ ಸಮುದ್ರ. ಸಾಧಾರಣ ಅಲೆಗೆ ಸುಮ್ಮನೆ ತೆರೆದಿಟ್ಟರೆ ಸಾಕು. ಬಿರುಗಾಳಿ ಬೇಕಾದಾಗ ನೀನು ಹಿಂದೊಮ್ಮೆ ಕೊಟ್ಟ ಹವಾಮಾನ ನಕ್ಷೆಯ ತಂತ್ರಾಂಶ ತೆರೆಯುತ್ತೇನೆ. ಅದಕ್ಕೆ ಎರಡೇ ನಿಮಿಷದಲ್ಲಿ ಉಬ್ಬಸ ಬರುತ್ತದೆ. ಮೇಲ್ವಿಚಾರಕಿಯನ್ನು ಮನೆಗೆ ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ನಮೂನೆಯಲ್ಲಿ "ಹಿನ್ನೆಲೆ ಧ್ವನಿ: ಸಮುದ್ರ, ಉದ್ದೇಶಪೂರ್ವಕ" ಎಂದು ಬರೆದು ಸಹಿ ಹಾಕಿದರು.

ಹನ್ನೆರಡನ್ನು ಮತ್ತೆ ಓದಿ ಮುಗಿಸಿದೆ, ಹದಿಮೂರೂ ಮುಗಿಯಿತು, ಕಾರ್ಡ್ ಜೊತೆಗಿದೆ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಈಗ ಸದ್ದು ಪೂರ್ತಿ ಏರಿಸಬೇಕು. ಒಂದೇ ಭಾಗ ಬಾಕಿ.

ಅಕ್ಕ

ಮೇ 14

ಅಕ್ಕ,

ಎಣ್ಣೆ ಕಾದಿದೆ ಎಂದರಂತೆ. ಹದಿನಾರು ವರ್ಷದ ಸೇವೆ. ಅಡುಗೆಯಣ್ಣ ಮುದ್ರಣವನ್ನು ಮತ್ತೆ ಕೇಳಿ, "ಸಾರ್, ಮೇಷ್ಟ್ರು ಹೇಳಿದ್ದು ಸರಿ, ಇದು ಕರಿಯೋದೇ" ಎಂದ. ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಉಪ್ಪು ಕೇಳಬೇಕಾಯಿತು.

ಆದರೆ ಹದಿಮೂರನೆಯ ಭಾಗ ಕೇಳಿದಾಗ ಒಪ್ಪಬೇಕಾಯಿತು. ಹೊರಗೆ ಅಸಲಿ ಅಲೆ ಬಡಿಯುತ್ತಿತ್ತು, ಅದನ್ನು ಕಿಟಕಿ ಮುಚ್ಚಿ ತಡೆದು, ನಿನ್ನ ಫ್ಯಾನಿನ ಅಲೆ ಕೇಳುತ್ತಾ ಕೂತೆವು. ಹಡಗು ಅದರಲ್ಲೇ ಚೆನ್ನಾಗಿ ತೇಲುತ್ತದೆ. ಜೊತೆಗೆ ನನಗೆ ನಿನ್ನ ಮೇಜು, ಕಿಟಕಿ, ಕಾಲುಚೀಲದ ಸಾಲು ಕಂಡವು.

ಅಡುಗೆಯವನು ಮನೆ ಸೇರುತ್ತಾನೋ ಇಲ್ಲವೋ ಎಂದು ಪತ್ರದಲ್ಲಿ ಬರೆಯಬೇಡ. ಕಾರ್ಡ್ ಕಳಿಸು.

ತಮ್ಮ

ಮೇ 28

ಪ್ರೀತಿಯ ತಮ್ಮ,

ಹದಿನಾಲ್ಕನೆಯ ಭಾಗ ಮುಗಿಯಿತು.

ಕೊನೆಯ ಅಧ್ಯಾಯಕ್ಕೆ ಇಯರ್‌ಫೋನ್ ಸಾಲದಾಯಿತು. ಮೇಷ್ಟ್ರಿಗೆ ದನಿ ಬರುತ್ತಿತ್ತು, ಮಾತು ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಅದಕ್ಕೆ ಎರಡು ಲ್ಯಾಪ್‌ಟಾಪನ್ನೂ ಚೀಲದಲ್ಲಿ ಹಾಕಿಕೊಂಡು ಅವರ ಮನೆಗೇ ಹೋದೆ. ಬಲಗಡೆ ಕುರ್ಚಿ ಎಳೆದುಕೊಂಡು, ಅವರ ಕಿವಿಯಿಂದ ಒಂದು ಗೇಣು ದೂರದಲ್ಲಿ ಕೂತು ಓದಿದೆ. ಹೊಸದು ಮುದ್ರಿಸುತ್ತಿತ್ತು. ಸಮುದ್ರ ಕೇಳಿಸುತ್ತಿದೆಯೇ ಎಂದು ಕೇಳಿದೆ. ಇಲ್ಲ ಎಂದರು. ಆಗ ಹಳೆಯದನ್ನು ಎತ್ತಿ ಅವರ ತೊಡೆಯ ಮೇಲಿಟ್ಟೆ, ಅವರ ಅಂಗೈಯನ್ನು ಫ್ಯಾನಿನ ಮೇಲೆ ಇಟ್ಟೆ. ಅದು ನಡುಗುತ್ತದಲ್ಲ. ಮೇಷ್ಟ್ರು ಎರಡೂ ಕೈ ಊರಿಕೊಂಡು ಸ್ವಲ್ಪ ಹೊತ್ತು ಕೂತು, "ಹಾಂ, ಈಗ ಹೊರಡಲಿ ಹಡಗು" ಎಂದರು. ಬಿರುಗಾಳಿಯ ಪುಟ ಬಂದಾಗ ನಾನು ಬಗ್ಗಿ ನಿನ್ನ ನಕ್ಷೆ ತೆರೆದೆ. ಅವರು ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡರು.

ಮುಗಿದ ಮೇಲೂ ಅದನ್ನು ಕೆಳಗಿಡಲಿಲ್ಲ. ಆಮೇಲೆ ಹೇಳಿದರು: "ಮೊದಲ್ನೇ ಭಾಗ ಮರೆತೇಹೋಗಿದೆ ಓದಮ್ಮ. ಇನ್ನೊಂದ್ಸಲ ಶುರು ಮಾಡು."

"ಹದಿನಾಲ್ಕು ಭಾಗ ಇದೆ ಸರ್."

"ನಾನೇನು ಎಲ್ಲಿಗೂ ಹೊರಟಿಲ್ಲ. ಕೈ ಇನ್ನೂ ನೆಟ್ಟಗಿದೆ."

ನಾಳೆಯಿಂದ ವಾರಕ್ಕೆ ಮೂರು ದಿನ ಅವರ ಮನೆಗೆ ಹೋಗುತ್ತೇನೆ.

ಕೊನೆಯ ಭಾಗದ ಕಾರ್ಡ್ ಕಳಿಸುತ್ತಿಲ್ಲ. ಅಡುಗೆಯವನು ಮನೆ ಸೇರಿದನೋ ಇಲ್ಲವೋ ಎಂದು ಇಲ್ಲಿಗೆ ಬಂದು ಕೇಳು.

ಇನ್ನೊಂದು ಪ್ರಶ್ನೆ. ಹಳೆಯ ಲ್ಯಾಪ್‌ಟಾಪಿನ ಫ್ಯಾನ್ ನಡುವೆ ನಡುವೆ ನಿಲ್ಲುತ್ತಿದೆ. ಹೊಸ ಫ್ಯಾನ್ ಹಾಕಿಸಲೋ, ಕಾಯಲೋ?

ಅಕ್ಕ

ಜೂನ್ 11

ಅಕ್ಕ,

ಕಾಯಿ. ಬಿಚ್ಚಿ ನೋಡದೆ ಹೇಳುವ ವಿಷಯ ಇದಲ್ಲ. ಹೊಸ ಫ್ಯಾನ್ ಹಾಕಿಸಿದರೆ ಸದ್ದು ಕಡಿಮೆಯಾಗಿ ಮೇಷ್ಟ್ರು ಮತ್ತೆ ಹಟ ಹಿಡಿದಾರು. ನಾನೇ ಬಿಚ್ಚಿ ನೋಡುತ್ತೇನೆ.

ಮೇ ಹದಿನಾಲ್ಕರ ದೋಣಿಯಲ್ಲಿ ಎರಡು ಲಕೋಟೆ ಕಳಿಸಿದ್ದೆ. ಒಂದು ನಿನಗೆ, ಇನ್ನೊಂದು ಇಲಾಖೆಗೆ. ಎರಡನೆಯದನ್ನು ನಿನಗೆ ತಿಳಿಸಿರಲಿಲ್ಲ, ಮಂಜೂರಾಗದಿದ್ದರೆ ಎಂಬ ಅಳುಕಿತ್ತು. ಇವತ್ತಿನ ದೋಣಿಯಲ್ಲಿ ಬದಲಿಯವರು ಬಂದಿಳಿದಿದ್ದಾರೆ. ನನಗೆ ನಲವತ್ತು ದಿನ ರಜೆ.

ಪೆಟ್ಟಿಗೆ ಹಿಡಿದು ದಕ್ಕೆಗೆ ಹೋದರೆ ದೋಣಿಯವನು ಹೇಳಿದ: "ಮುಂದಿನ ಸಲಕ್ಕೆ ಹೊಸ ಎಂಜಿನ್ ಹಾಕ್ತಾರೆ ಸಾರ್. ಅರ್ಧ ಹೊತ್ತಲ್ಲಿ ದಡ, ಅಲುಗಾಟನೂ ಇರಲ್ಲ. ಹದಿನಾಲ್ಕು ದಿನ ತಡೆದ್ರೆ ಆರಾಮಾಗಿ ಹೋಗ್ಬೋದು."

ಒಂದು ನಿಮಿಷ ಯೋಚಿಸಿದೆ. ಒಂದೇ ನಿಮಿಷ, ಅಡುಗೆಯಣ್ಣ ಸಾಕ್ಷಿ. ಅಷ್ಟರಲ್ಲಿ ಅವನು ನನ್ನ ಪೆಟ್ಟಿಗೆಯನ್ನು ದೋಣಿಗೆ ಎಸೆದು, "ಅಡುಗೆಯವನು ಮನೆ ಸೇರಿದ್ನಾ ಇಲ್ವಾ ಅಂತ ಕೇಳ್ಕೊಂಡು ಬಂದು ನಂಗೆ ಹೇಳಿ ಸಾರ್" ಎಂದ.

ಈಗ ಹಳೆಯ ಎಂಜಿನ್ನಿನ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಕಿವಿ ಕಿತ್ತುಹೋಗುವ ಸದ್ದು, ನಿನ್ನ ಲ್ಯಾಪ್‌ಟಾಪಿನದೇ ಅಣ್ಣ. ಕೈ ಅಲುಗಿ ಅಕ್ಷರ ವಕ್ರವಾಗಿದ್ದರೆ ಓದಿಕೋ.

ಲಕೋಟೆಗೆ ಅಂಚೆಚೀಟಿ ಹಚ್ಚಿಲ್ಲ. ಬಾಗಿಲು ತೆಗೆದಾಗ ಕೈಗೇ ಕೊಡುತ್ತೇನೆ.

ತಮ್ಮ